ಗಜ್ಜರಿ ತುರಿಯುವವಳು

ತಾಶ್ಕೆಂಟಿನ ಕುಯ್‌ಲುಕ್ ಸಂತೆ, ಮೂರನೇ ಸಾಲು,
ತಗಡಿನ ಮಾಡಿನ ಕೆಳಗೆ ನನ್ನ ಬೋಗುಣಿಗಳು.
ಬನ್ನಿ, ರುಚಿ ನೋಡಿ, ದುಡ್ಡಿನ ಮಾತು ಆಮೇಲೆ.
ಅಂಗೈ ಚಾಚಿ. ಹಾಂ, ಹಾಗೆ.
ಎಳೆ ಎಳೆಯಾಗಿ ತುರಿದ ಗಜ್ಜರಿ,
ಬೆಳ್ಳುಳ್ಳಿ, ವಿನೆಗರ್, ಒಂದಿಷ್ಟು ಕೆಂಪು ಖಾರ,
ಮೇಲೆ ಕಾದ ಹತ್ತಿಬೀಜದ ಎಣ್ಣೆ,
ಅದರಲ್ಲಿ ಚಟಪಟ ಅಂದ ಕೊತ್ತಂಬರಿ ಬೀಜ.

ಹೆಸರೇ?
ಯಾವುದು ಹೇಳಲಿ!
ಪಾಸ್‌ಪೋರ್ಟಿನಲ್ಲಿ ರಿಮ್ಮಾ ಯುಗಾಯ್.
ನಮ್ಮ ಮನೆತನ ಬರೀ ಯು, ಒಂದೇ ಅಕ್ಷರ.
ಮುತ್ತಜ್ಜನನ್ನು ಗುಮಾಸ್ತ ಕೇಳಿದನಂತೆ, ಯಾರಯ್ಯಾ ನೀನು?
ಆತ ತನ್ನ ಭಾಷೆಯ ವಿಭಕ್ತಿ ಹಚ್ಚಿ 'ಯು-ಗಾ' ಅಂದ,
ವ್ಯಾಕರಣ ತಪ್ಪದ ಮನುಷ್ಯ.
ಗುಮಾಸ್ತ ಬಾಲವನ್ನೂ ಸೇರಿಸಿ ಬರೆದುಕೊಂಡ.
ಚಳಿಗೆ ನಡುಗಿದ ಒಂದು ಪ್ರತ್ಯಯ
ನಾಲ್ಕು ತಲೆಮಾರಿನ ಬಾಗಿಲ ಮೇಲೆ ಕೂತಿದೆ.

ರಿಮ್ಮಾ ಅಂತ ಇಟ್ಟವಳು ಹೆರಿಗೆ ವಾರ್ಡಿನ ನರ್ಸು.
ಸುನೋಕ್ ಅಂದರೆ ನಾಲಿಗೆ ತೊಡರುತ್ತೆ ಅಂದಳಂತೆ.
ಅಮ್ಮ ಒಪ್ಪಿದಳು, ರಿಮ್ಮಾ ಎಂಬುದರಲ್ಲಿ ಆಸ್ಪತ್ರೆಯ ಬಿಳಿ ಹಾಸಿಗೆಯ
ಅಂದವಿತ್ತಂತೆ.
ಸುನೋಕ್ ಅಡುಗೆಮನೆಯಲ್ಲೇ ಉಳಿದಳು,
ಅಜ್ಜಿಯ ಸೌಟಿಗೆ ಓಗೊಡುತ್ತಾ.
ಪಕ್ಕದ ಮನೆಯ ಜುಲ್ಹುಮೋರ್ ಅಕ್ಕನಿಗೆ ನಾನು ರಿಮ್ಮಾಖೋನ್.
ಚಹಾವನ್ನು ಮೂರು ಸಲ ಪಾತ್ರೆಗೇ ಹಿಂದಕ್ಕೆ ಸುರಿಯುವುದು,
ನೆಂಟರಿಗೆ ಬಟ್ಟಲು ತುಂಬಿಸದಿರುವುದು
(ತುಂಬಿಸಿದರೆ 'ಎದ್ದು ಹೋಗು' ಅಂದ ಹಾಗೆ)
ಕಲಿಸಿದವಳು ಅವಳೇ.

ಅಜ್ಜಿಗೆ ಏಳು ವರ್ಷ, ದನದ ಬೋಗಿಯಲ್ಲಿ ತುಂಬಿ ತಂದರು.
ಅದರ ಕಥೆ ಕೇಳಿದರೆ ಹೇಳುತ್ತಿರಲಿಲ್ಲ.
ಸೊಂಟಪಟ್ಟಿಯಲ್ಲಿ ಹೊಲಿದಿಟ್ಟ ಬೀಜದ ಭತ್ತ ಚುಚ್ಚುತ್ತಿತ್ತು,
ಅಷ್ಟೇ ನೆನಪು, ಅನ್ನುತ್ತಿದ್ದಳು.
ಇಲ್ಲಿ ಬೇಕಾದ ಕೋಸು ಸಿಗಲಿಲ್ಲ. ಗಜ್ಜರಿ ಸಿಕ್ಕಿತು.
ನಾಲಿಗೆ ಮೊದಲು ಮುನಿಸಿಕೊಂಡಿತು, ಆಮೇಲೆ ಹೊಂದಿಕೊಂಡಿತು,
ಆಮೇಲೆ ಇದೇ ನಮ್ಮ ಪುರಾತನ ಪದಾರ್ಥ ಅಂತ ಆಣೆ ಇಟ್ಟಿತು.

ಶಾಲೆಯ ದಾಖಲೆಯಲ್ಲಿ ಜನಾಂಗ: ಕೊರಿಯನ್.
ಎಲ್ಲರೂ ಹಾಗೇ ಕರೆದರು, ನಾನೂ ಹಾಗೇ ನಡೆದೆ.
ಲೆಕ್ಕದಲ್ಲಿ ಜಾಣೆ ಇರಬೇಕು ಅಂದರು, ಜಾಣೆಯಾದೆ,
ಗುಣಾಕಾರ ಕಂಡರೆ ಹೊಟ್ಟೆ ತೊಳಸುತ್ತಿದ್ದರೂ.

ಮೂವತ್ತನಾಲ್ಕಕ್ಕೆ ಹೋದೆ ಆನ್ಸಾನಿಗೆ,
ಕನ್ನಡಿ ಡಬ್ಬಿಗೆ ತುಂಬುವ ಕಾರ್ಖಾನೆ.
ದಿನಕ್ಕೆ ಒಂಬೈನೂರು ಸಲ ನನ್ನ ಮುಖ ನೋಡಿಕೊಂಡೆ,
ಸುತ್ತಲಿನ ಮುಖಗಳೂ ಅದೇ ಅಚ್ಚಿನವು.
ಬಾಯಿ ತೆರೆದೆ, ಮೇಸ್ತ್ರಿ ಕಣ್ಣರಳಿಸಿದ:
'ಓ, ರಷ್ಯಾದವಳಾ?'
ಊಟದ ಬಿಡುವಿನಲ್ಲಿ ಗಜ್ಜರಿ ಡಬ್ಬಿ ಬಿಚ್ಚಿದೆ,
ನೋಡಿ, ನಿಮ್ಮದೇ, ನಮ್ಮದೇ.
ಮೂಸಿ ನೋಡಿದರು. ಇದೇನು, ಯಾವ ದೇಶದ್ದು?

ಹಾಸ್ಟೆಲಿನ ಮೇಜಿನ ಮೇಲೆ ಯಾರೋ ರೊಟ್ಟಿ ಕವುಚಿಟ್ಟಿದ್ದರು.
ಯೋಚಿಸುವ ಮುಂಚೆಯೇ ಕೈ ಹೋಗಿ
ಅದನ್ನು ಮಗುಚಿ ನೆಟ್ಟಗೆ ಇಟ್ಟಿತು,
ರೊಟ್ಟಿಗೆ ಅವಮಾನ ಆಗಬಾರದಲ್ಲ.
ಜುಲ್ಹುಮೋರ್ ಅಕ್ಕನ ಕೈ ಅದು,
ನನ್ನ ಮಣಿಕಟ್ಟಿನ ತುದಿಯಲ್ಲಿ.
ಆ ರಾತ್ರಿ ನಗು ಬಂತೋ, ಅಳು ಬಂತೋ,
ಬಂಕರ್ ಮಂಚದ ಕೆಳಗಿನವಳು ಗೋಡೆ ಬಡಿದಳು.

ಅಜ್ಜಿಯ ಕೊನೆಯ ವಾರಕ್ಕೆ ವಾಪಸಾದೆ.
ಅಡುಗೆಮನೆಯ ಭಾಷೆಗೆ ಕಿವಿ ನಿಮಿರಿಸಿ ಕೂತೆ.
ಒಂದು ಮಧ್ಯಾಹ್ನ ಕಣ್ಣು ಬಿಟ್ಟು
ಸ್ಪಷ್ಟ ರಷ್ಯನ್ನಿನಲ್ಲಿ ಅಂದಳು,
'ರಿಮ್ಮಾ, ಕಿಟಕಿ ಮುಚ್ಚು.'
ಮುಚ್ಚಿದೆ.
ಸುನೋಕ್ ಅಂತ ಕರೆಯುವವರು
ಈಗ ಯಾರೂ ಇಲ್ಲ. ಒಮ್ಮೊಮ್ಮೆ ನಾನೇ,
ಅಂಗಡಿ ಮುಚ್ಚಿ, ಬೋಗುಣಿ ತಿಕ್ಕುವಾಗ,
ಮೆಲ್ಲಗೆ ಕರೆದು ನೋಡುತ್ತೇನೆ.
ಓಗೊಡಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಅರ್ಧ ಕಿಲೋ ಅಂದಿರಾ?
ಸ್ವಲ್ಪ ಸರಿದು ನಿಲ್ಲಿ, ಎಣ್ಣೆ ಕಾದಿದೆ.