ಎಣಿಕೆಯ ರಾತ್ರಿ

ಮೂವತ್ತೊಂದು ವರ್ಷ ಕಾರ್ನ್‌ವಾಲಿನ ಈ ಗುಡ್ಡದ ಊರುಗಳಿಗೆ
ಮೊದಲು ಸೈಕಲ್ಲಿನಲ್ಲಿ, ಆಮೇಲೆ ಕೆಂಪು ವ್ಯಾನಿನಲ್ಲಿ
ಕಾಗದ ಹಂಚಿದವಳು ನಾನು.
ಮನೆ ನಂಬರಿಲ್ಲದಿದ್ದರೂ, ಮಳೆಗೆ ಶಾಯಿ ಕದಡಿದ್ದರೂ,
'ಕುಂಟು ಕತ್ತೆಯ ಪಕ್ಕದ ಮನೆ' ಎಂದಷ್ಟೇ ಬರೆದಿದ್ದರೂ
ತಲುಪಿಸಿದ್ದೇನೆ.
ವಾಪಸು ಹೋದದ್ದು ಲೆಕ್ಕ ಹಾಕಿದರೆ ನಾಲ್ಕೋ ಐದೋ.

ಈಗ ನಿವೃತ್ತಿ. ಮಂಡಿ ನೋವು.
ಮಂಗಳವಾರ, ಗುರುವಾರ ದಾಖಲೆ ಕಚೇರಿಯಲ್ಲಿ ಕೂತು
ಒಬ್ಬಳ ವಿಳಾಸ ಹುಡುಕುತ್ತೇನೆ:
ಲವ್‌ಡೇ ಆಂಗೋವ್, ನನ್ನ ಅಜ್ಜಿಯ ಅಜ್ಜಿ.
ಅವಳ ಬಗ್ಗೆ ಮನೆಯಲ್ಲಿ ಉಳಿದದ್ದು ಒಂದೇ ಮಾತು.
ಒಣಹುಲ್ಲಿನ ವಾಸನೆ ಬಂದರೆ
ಊಟ ಬಿಟ್ಟು ಎದ್ದುಹೋಗುತ್ತಿದ್ದಳಂತೆ.
ಯಾಕೆಂದು ಯಾರೂ ಕೇಳಲಿಲ್ಲ.
ಹೆಂಗಸರ ಹಟ ಬರೆದಿಡಲು ಆಗ ರಿಜಿಸ್ಟರಿರಲಿಲ್ಲ.

ಮೊದಮೊದಲು ಸುಲಭಕ್ಕೆ ಸಿಗುತ್ತಾಳೆ.
ಸಾವಿರದ ಎಂಟುನೂರ ಇಪ್ಪತ್ತೆರಡು, ಜ್ಞಾನಸ್ನಾನದ ಪುಸ್ತಕ,
ಪಾದ್ರಿಯ ಅಕ್ಷರ ಗಾಳಿಗೆ ಬಾಗಿದ ಬೇಲಿ.
ನಲವತ್ತೊಂದರ ಗಣತಿಯಲ್ಲಿ ತಾಮ್ರದ ಗಣಿಯ ಬಾಯಲ್ಲಿ
ಸುತ್ತಿಗೆ ಹಿಡಿದು ಅದಿರು ಒಡೆಯುವ ಹುಡುಗಿ.
ವಯಸ್ಸು ಹದಿನೈದು ಅಂತಿದೆ. ಇರಬೇಕಾದ್ದು ಹತ್ತೊಂಬತ್ತು.
ಆ ಸಲ ದೊಡ್ಡವರ ವಯಸ್ಸನ್ನೆಲ್ಲ
ಐದರ ಮಗ್ಗಿಗೆ ಇಳಿಸಿ ಬರೆಯಿರೆಂದು ಸರಕಾರದ ಹುಕುಂ.
ನಾಲ್ಕು ವರ್ಷ ಚಿಲ್ಲರೆಯ ಹಾಗೆ ಕೆಳಗುದುರಿತು,
ಹೆಕ್ಕಿಕೊಟ್ಟವರಿಲ್ಲ.

ಅರವತ್ತೊಂದರಲ್ಲಿ ಮತ್ತೆ ಇದ್ದಾಳೆ. ಬೇರೆ ಊರು, ಬಟ್ಟೆ ಒಗೆಯುವ ಕೆಲಸ.
ಹೆಸರು 'ಹ್ಯಾಂಗೋ'. ಎಣಿಸಲು ಬಂದವನ ಕಿವಿಗೆ ಶೀತವಾಗಿತ್ತೋ ಏನೋ.
ವಿಧವೆ ಎಂದು ಹೇಳಿದ್ದಾಳೆ.
ಹನ್ನೊಂದು ಊರಿನ ಮದುವೆ ಪುಸ್ತಕ ತಿರುವಿ ಹಾಕಿದ್ದೇನೆ.
ಮದುವೆಯಾಗದೆ ವಿಧವೆಯಾಗುವುದು ಕಷ್ಟದ ವಿದ್ಯೆಯೇನಲ್ಲ,
ಊರು ಬದಲಿಸಿದರೆ ಸಾಕು.
ಪಕ್ಕದ ಸಾಲಿನಲ್ಲಿ ಮಗಳು ಟ್ಯಾಮ್ಸಿನ್, ಹತ್ತು ವರ್ಷ.

ಹಾಗಾದರೆ ಐವತ್ತೊಂದರಲ್ಲಿ ಎಲ್ಲಿ?

ಮಾರ್ಚ್ ಮೂವತ್ತು, ಭಾನುವಾರ.
ದೇಶದ ತಲೆಗಳನ್ನೆಲ್ಲ ಮಲಗಿದಲ್ಲೇ ಎಣಿಸಿದ ರಾತ್ರಿ.
ಅಪ್ಪನ ಮನೆಯಲ್ಲಿ ಅಪ್ಪ ಇದ್ದಾನೆ, ಅಮ್ಮ, ಮೂವರು ತಮ್ಮಂದಿರು,
ಬಾಡಿಗೆಗೆ ಬಂದ ದರ್ಜಿಯೂ ಇದ್ದಾನೆ.
ಅವಳಿಲ್ಲ.
ಬಡವರ ದುಡಿಮೆಮನೆಯಲ್ಲಿಲ್ಲ, ಜೈಲಿನಲ್ಲಿಲ್ಲ,
ಬಂದರಿನಲ್ಲಿ ನಿಂತ ಹಡಗಿನಲ್ಲೂ ಇಲ್ಲ.
ಎರಡು ಚಳಿಗಾಲ ಹೀಗೇ ಹೋಯಿತು.

ಮೊನ್ನೆ ಗುರುವಾರ, ಕಚೇರಿ ಮುಚ್ಚುವ ಹೊತ್ತು,
ಒಂದು ಹೊಲಮನೆಯ ಪಟ್ಟಿ ಮುಗಿದು ಗೆರೆ ಎಳೆದ ಮೇಲೆ
ಪೆನ್ನಿಗೆ ತಡವಾಗಿ ನೆನಪಾದಂತೆ ಒಂದು ಸಾಲು:
ಕೊಟ್ಟಿಗೆಯಲ್ಲಿ ಮಲಗಿದ್ದವರು.
ಗಂಡು, ಇಲ್ಲ.
ಹೆಣ್ಣು, ಎರಡು.

ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ಇದು ತಿರುಗಾಮುರುಗಾ: ಲೆಕ್ಕಕ್ಕುಂಟು, ಹೆಸರಿಗಿಲ್ಲ.
ಟ್ಯಾಮ್ಸಿನ್ನಳ ಜ್ಞಾನಸ್ನಾನದ ಸಾಲಿನಲ್ಲಿ ತಂದೆಯ ಜಾಗ ಖಾಲಿ,
ಹುಟ್ಟಿದ ದಿನ ಮಾತ್ರ ಉಂಟು. ಬೆರಳು ಮಡಿಸಿ ಎಣಿಸಿದೆ.
ಆ ರಾತ್ರಿಗೆ ಅವಳು ಆರು ವಾರದ ಕೂಸು.
ಲಾಟೀನು ಹಿಡಿದು ಬಂದ ಆ ಪುಣ್ಯಾತ್ಮ
ಕೂಸನ್ನೂ ಒಂದು ತಲೆ ಎಂದೇ ಎಣಿಸಿದನೇ?

"ಇದು ಪುರಾವೆಯಲ್ಲ" ಎಂದಳು ಕಚೇರಿಯ ಹುಡುಗಿ ಕೆರೆನ್ಸಾ,
ಮೆಲ್ಲಗೆ, ರೋಗಿಗೆ ಹೇಳುವ ಹಾಗೆ.
"ಯಾರಾದರೂ ಆಗಿರಬಹುದು."
ಹೌದು, ದಾರಿ ತಪ್ಪಿದ ಅಕ್ಕತಂಗಿ,
ಸೂಜಿ ದಾರ ಮಾರುವವಳು ಮತ್ತು ಅವಳ ಅತ್ತೆ.
ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ.

ಆ ಹೊಲಮನೆ ನನ್ನ ದಾರಿಯದ್ದೇ.
ಕೊಟ್ಟಿಗೆಗೆ ಈಗ ದೊಡ್ಡ ಗಾಜಿನ ಕಿಟಕಿ,
ರಜಕ್ಕೆ ಬರುವ ಲಂಡನ್ನಿನವರ ಬಾಡಿಗೆ ಮನೆ.
ಬಾಗಿಲಲ್ಲಿ ಕಾಗದಕ್ಕೊಂದು ಹಿತ್ತಾಳೆಯ ಸೀಳು, ಸ್ಪ್ರಿಂಗು ಬಿಗಿ,
ಚಳಿಯಲ್ಲಿ ಬೆರಳು ಕಚ್ಚುತ್ತಿತ್ತು.
ಒಂಬತ್ತು ವರ್ಷ, ಭಾನುವಾರ ಬಿಟ್ಟು ದಿನಾ,
ಯಾರ್ಯಾರದೋ ಹೆಸರಿನ ಲಕೋಟೆಗಳನ್ನು
ಆ ಕತ್ತಲೆಗೆ ನೂಕಿ,
ಬಿದ್ದ ಸದ್ದಿಗೂ ಕಾಯದೆ
ವ್ಯಾನು ಹತ್ತಿದ್ದೇನೆ.