ಇಸಿಯು ರಿಪೇರಿ, ಮೊದಲನೇ ಮಹಡಿ

ಜೆ.ಸಿ. ರಸ್ತೆ. ಕೆಳಗೆ ಸೀಟು ಕವರಿನ ಅಂಗಡಿ,
ಪಕ್ಕದಲ್ಲಿ ದಿನವಿಡೀ ಹಾರ್ನು ಪರೀಕ್ಷಿಸುವವನು.
ಕಬ್ಬಿಣದ ಮೆಟ್ಟಿಲು ಹತ್ತಿ ಪುಟ್ಟಮಾದು ಬಂದ,
ಟವೆಲ್ಲಿನಲ್ಲಿ ಸುತ್ತಿ ತಂದಿದ್ದ
ತನ್ನ ಟ್ಯಾಕ್ಸಿಯ ತಲೆಯನ್ನು.
ಮೂರು ದಿನ ಅಕ್ಕಿಯಲ್ಲಿ ಹೂತಿಟ್ಟಿದ್ದನಂತೆ,
ಒದ್ದೆ ಫೋನಿಗೆ ಮಾಡುವ ಹಾಗೆ.

ಮುಚ್ಚಳ ತೆಗೆದರೆ ಒಳಗೆ ಬೆಳ್ಳಂದೂರು:
ಬೂದು ಕೆಸರು, ಒಣಗಿದ ನೊರೆ,
ಎಲ್ಲಿಂದಲೋ ಸೇರಿಕೊಂಡ ಎರಡು ಅಕ್ಕಿಕಾಳು.
ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿಗೆ ಅದ್ದಿ
ನೂರಿಪ್ಪತ್ತೊಂದು ಪಿನ್ನು ತೊಳೆಯುತ್ತಾ ಕೂತೆ.

"ಇದೇನ್ ಮಾಡ್ತದೆ ಮೇಡಂ, ಒಳ್ಗೆ ಕೂತ್ಕಂಡು?"

ಎಣಿಸುತ್ತದೆ, ಅಂದೆ.
ಕ್ರ್ಯಾಂಕಿನ ಚಕ್ರದಲ್ಲಿ ಅರವತ್ತು ಹಲ್ಲಿಗೆ ಜಾಗ,
ಇರುವುದು ಐವತ್ತೆಂಟು.
ಆ ಬೊಚ್ಚು ಸಂದಿ ಎದುರಿಗೆ ಹಾದಾಗಲೆಲ್ಲ
ಇದಕ್ಕೆ ಗೊತ್ತಾಗುತ್ತದೆ, ಸುತ್ತಿನಲ್ಲಿ ಎಲ್ಲಿದ್ದೇವೆಂದು.
ಪಿಸ್ಟನ್ನು ತುದಿ ಮುಟ್ಟುವ ಮೊದಲೇ ಕಿಡಿ ಕೊಡಬೇಕು,
ನಿಂತಾಗ ಹತ್ತು ಡಿಗ್ರಿ, ಓಡುವಾಗ ಮೂವತ್ತು;
ಬೆಂಕಿಗೂ ಹೊತ್ತಿಕೊಳ್ಳಲು ಹೊತ್ತು ಬೇಕಲ್ಲ.
ತೀರಾ ಮುಂಚೆ ಕೊಟ್ಟರೆ ಲೋಹ ಟಿಣ್ಣೆನ್ನುತ್ತದೆ.
ಅದನ್ನು ಕೇಳಲೆಂದೇ ಬ್ಲಾಕಿಗೆ ಒಂದು ಕಿವಿ ಬಿಗಿದಿದ್ದಾರೆ.
ಕೇಳಿತೋ, ಎರಡು ಡಿಗ್ರಿ ಹಿಂದೆ ಸರಿಯುತ್ತದೆ.
ವಾದ ಮಾಡುವುದಿಲ್ಲ.

ಪೆಟ್ರೋಲು ಒಂದು ಪಾಲಿಗೆ ಗಾಳಿ ಹದಿನಾಲ್ಕೂ ಮುಕ್ಕಾಲು.
ಹೊಗೆ ಮೂಸಿ ನೋಡಿ, ಜಾಸ್ತಿಯಾಯ್ತು, ಕಡಿಮೆ ಮಾಡು,
ಕಡಿಮೆಯಾಯ್ತು, ಒಂಚೂರು ಬಿಡು,
ಸೆಕೆಂಡಿಗೊಮ್ಮೆ ಆಚೆ, ಸೆಕೆಂಡಿಗೊಮ್ಮೆ ಈಚೆ.
ಗಾಳಿ ಎಷ್ಟು ತೆಳುವೆಂದೂ ಅಳೆಯುತ್ತದೆ.
ಮೂರು ಸಾವಿರ ಅಡಿ ಎತ್ತರದಲ್ಲಿ ಬದುಕುತ್ತಿದ್ದೇವೆಂದು
ಈ ಊರಲ್ಲಿ ನೆನಪಿದ್ದರೆ ಇದಕ್ಕೊಂದಕ್ಕೆ.

ಸಂಜೆಗೆ ಮೆಮೊರಿ ಓದಲು ಬಂತು.
ಚೌಕಾಬಾರದ ಮನೆಗಳಂತೆ ಕಲಿತ ಅಂಕಿಗಳು.
ಮೇಲಿನ ಸಾಲು, ಜೋರು ಓಟದ್ದು,
ಶೋರೂಮಿನಿಂದ ಬಂದ ದಿನದಷ್ಟೇ ಖಾಲಿ.
ತಿದ್ದಿದ್ದೆಲ್ಲ ಕೆಳಗಿನ ಎಡಮೂಲೆಯಲ್ಲಿ:
ಐಡ್ಲಿಂಗು. ಸಿಲ್ಕ್ ಬೋರ್ಡು, ಮಾರತ್ತಹಳ್ಳಿ, ಟಿನ್ ಫ್ಯಾಕ್ಟರಿ.
ಆರು ವರ್ಷ ಈ ಗಾಡಿ ಬದುಕಿದ್ದು ನಿಂತಲ್ಲೇ.

ಆಮೇಲೆ ಕಡೆಯ ದೋಷ.
ಅದು ಬಿದ್ದ ಗಳಿಗೆಯ ಪಟ ತೆಗೆದಿಟ್ಟಿರುತ್ತದೆ:
ವೇಗ ಸೊನ್ನೆ. ಆರ್‌ಪಿಎಂ ಮೂರು ಸಾವಿರದ ಇನ್ನೂರು.
ಚಾಲೂ ಆಗಿ ನಲವತ್ತೊಂದು ನಿಮಿಷ.

"ಇನ್ಶೂರೆನ್ಸಿನವ್ರಿಗೆ
ನೀರು ಬಂದೇಟ್ಗೆ ಆಫ್ ಮಾಡ್ದೆ ಅಂತ ಹೇಳಿವ್ನಿ."

ಸ್ವಲ್ಪ ಹೊತ್ತು ಹಾರ್ನಿನವನೊಬ್ಬನೇ ಮಾತಾಡಿದ.

"ಆಫ್ ಮಾಡಿದ್ರೆ ಸೈಲೆನ್ಸರ್ ನೀರು ಕುಡೀತದೆ.
ಆಕ್ಸಿಲೇಟರ್ ಮ್ಯಾಲಿಂದ ಕಾಲು ಎತ್ತಲೇ ಇಲ್ಲ.
ಹಿಂದ್ಗಡೆ ಸೀಟಲ್ಲಿ ಒಬ್ಬಜ್ಜಿ,
ಡಯಾಲಿಸಿಸ್ ಮುಗ್ಸಿ ಬಂದಿದ್ದೋಳು,
ಗೊತ್ತೇ ಆಗ್ಲಿಲ್ಲ ಅವ್ಳಿಗೆ, ಮಲಗಿದ್ಲು."

ಅಳಿಸಲೇ? ಸ್ಕ್ಯಾನರು ಎಲ್ಲರನ್ನೂ ಕೇಳುವ ಪ್ರಶ್ನೆ.
ರಿಪೇರಿಯಾದ ಮೇಲೆ ಅಳಿಸುವುದು ಕಸುಬಿನ ಪದ್ಧತಿ.
ಇಷ್ಟು ಹೊತ್ತು ಯೋಚಿಸುವುದು ಪದ್ಧತಿಯಲ್ಲ.
ಬಿಲ್ಲು ಬರೆದೆ: ಬೋರ್ಡು ತೊಳೆದದ್ದು, ಚಿಪ್ಪು ಒಂದು.
ಹೌದು ಒತ್ತಿದೆ. ಜೊತೆಗೆ ಎಡಮೂಲೆಯೂ ಹೋಯಿತು.

ಗಲ್ಲಿಯಲ್ಲಿ ಗಾಡಿ ಎರಡನೇ ಸಲಕ್ಕೆ ಹತ್ತಿತು.
ಇಂಜಿನ್ನಿಗೇನೂ ಆಗಿರಲಿಲ್ಲ, ಅವನ ಕಾಲು ಉಳಿಸಿತ್ತು.
ಮುಳ್ಳು ಏರಿತು, ಇಳಿಯಿತು,
ಆರಿಯೇ ಹೋಯಿತೆನ್ನುವಾಗ ತೊದಲಿ ಮತ್ತೆ ಏರಿತು.
"ಹಿಂಗ್ಯಾಕೆ ಮೇಡಂ?"
ಎಲ್ಲ ಮರೆತಿದೆ. ಎರಡು ದಿನ ಓಡಿಸಿ, ಕಲಿಯುತ್ತದೆ.

ಕಿಟಕಿಯಿಂದ ಕಾಣುವಷ್ಟು ದೂರ ನೋಡಿದೆ.
ಟೌನ್ ಹಾಲಿನ ಕಡೆ ಸಿಗ್ನಲ್ಲು ಕೆಂಪಾಯಿತು,
ಸಾಲಿನ ಕೊನೆಯಲ್ಲಿ ಅವನ ಬ್ರೇಕು ದೀಪ.
ಮೊದಲ ಪಾಠ ಶುರುವಾಯಿತು ಅಂದುಕೊಂಡೆ:
ನಿಂತು ಉರಿಯುವುದು.