ಒಂಬತ್ತು ದಿನ

ಔಲುವಿನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲೆ.
ಹೆಲ್ವಿ ದೀಪ ಹಾಕದೆ ಓದಿದಳು,
ವಾಲ್ಪರೈಸೊದ ಯಾರೋ ಲೌತಾರೊ
ಬರೆದ ಕಾಗದ:
‘ನಿಮ್ಮ ಕೋಡಿನ ನಾನೂರ ಹನ್ನೆರಡನೇ ಸಾಲಿನಲ್ಲಿ
ಒಂದು ತೂತಿದೆ. ಕೈ ತೂರುತ್ತದೆ.
ತೂರಿಸಿ ನೋಡಿದೆ, ಕ್ಷಮಿಸಿ.’

ಸಾಲು ಅವಳದೇ.
ಮಗಳಿಗೆ ಮೊಲೆ ಬಿಡಿಸಿದ ವರ್ಷ ಬರೆದದ್ದು.

ತೇಪೆ ಸಿದ್ಧವಾಯಿತು, ಬಳಸುವವರಿಗೆಲ್ಲ ತಲುಪಿತು.
ಇನ್ನು ಲೋಕಕ್ಕೆ ಹೇಳುವ ಹೊತ್ತು.
‘ಒಂಬತ್ತು ದಿನ ಕಾಗದ ಒಡೆಯಲೇ ಇಲ್ಲ ಅಂತ
ಬರೆಯಲೇಬೇಕಾ?’ ಯಾರ್ಮೊ ಗೊಣಗಿದ.
‘ಕೇಳುವವರಾದರೂ ಯಾರು?’

ಲೌತಾರೊನ ಹೆಸರು ಮೊದಲು,
ಕೆಳಗೆ ತನ್ನದು,
ನಡುವೆ ತಾರೀಖುಗಳು, ಒಂದೊಂದಾಗಿ.
ಆ ಒಂಬತ್ತರ ಎದುರು ಕೈ ತಡೆಯಿತು.
ಕೋಡಿಗೆ ತೇಪೆ ಸರಿ,
ತಾರೀಖಿಗೂ ಬೇಕೆ?

ಬರೆದಳು:
ಕಾಗದ ಬಂದಿತ್ತು. ನಾನು ನೋಡಲಿಲ್ಲ.